ಗಿರಿ ಕಾಫಿ ಹುಳಿಯಾಯ್ತು, ಕಹಿಯಾಯ್ತು, ಸಪ್ಪೆಯಾಯ್ತು: ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ

ಬಾಬಾಬುಡನ್‌ಗಿರಿ ಕಡೆಯ ಅರೇಬಿಕಾ. ಪ್ಯಾಕೆಟ್ ಮೇಲೆ ಹುರಿದ ತಾರೀಕು, ತಳಿ, ತೋಟದ ಎತ್ತರ ಎಲ್ಲಾ ಬರೆದಿದೆ. ಮಾಮೂಲಿ ಕಾಫಿಪುಡಿಗಿಂತ ಜಾಸ್ತಿ ದುಡ್ಡು ಕೊಟ್ಟು ತಂದಿದ್ದೀರಿ. ಪ್ಯಾಕೆಟ್ ಬಿಚ್ಚಿದರೆ ಇಡೀ ಅಡುಗೆಮನೆ ಘಮ್ಮೆನ್ನುತ್ತದೆ. ಆದರೆ ಲೋಟಕ್ಕೆ ಬಂದ ಕಾಫಿ ಹುಣಸೇಹಣ್ಣು ಕಿವುಚಿದ ನೀರಿನ ಹಾಗೆ ಹುಳಿ, ಇಲ್ಲವೇ ಗಂಟಲಲ್ಲಿ ನಿಲ್ಲುವ ಕಹಿ, ಇಲ್ಲವೇ ಏನೂ ಇಲ್ಲದ ಸಪ್ಪೆ.

ಇಂಥ ಹೊತ್ತಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಬೀಜ ಸರಿ ಇಲ್ಲ ಅಂತ ಪ್ಯಾಕೆಟ್ ಮೂಲೆಗೆ ಎಸೆಯುತ್ತಾರೆ, ಇಲ್ಲವೇ ಹೊಸ ಗ್ರೈಂಡರ್ ಹುಡುಕಲು ಕೂರುತ್ತಾರೆ. ಎರಡಕ್ಕೂ ಮೊದಲು ಒಂದು ಸಣ್ಣ ಕೆಲಸ ಇದೆ. ತಪ್ಪು ಬೀಜದ್ದೋ, ನೀರಿನದೋ, ನೀವು ಮಾಡಿದ ರೀತಿಯದೋ ಅಂತ ಬೇರೆ ಮಾಡಿಕೊಳ್ಳಬೇಕು. ಅದು ಗೊತ್ತಾಗದೆ ಏನೇ ಬದಲಾಯಿಸಿದರೂ ಕತ್ತಲಲ್ಲಿ ತಡಕಾಡಿದ ಹಾಗೆ.

ಮೊದಲು ಗ್ಲಾಸ್ ಪರೀಕ್ಷೆ

ಫಿಲ್ಟರ್, ಪೇಪರ್ ಎಲ್ಲಾ ಪಕ್ಕಕ್ಕಿಡಿ. ದಪ್ಪ ಗಾಜಿನ ಲೋಟ ಅಥವಾ ಪಿಂಗಾಣಿ ಕಪ್ ಸಾಕು. ತರಿತರಿಯಾಗಿ ಬೀಸಿದ ಪುಡಿ 10 ಗ್ರಾಂ ಹಾಕಿ. ಕುದಿ ಬಂದ ನೀರು 180 ಎಂಎಲ್ ಸುರಿಯಿರಿ. ಮುಟ್ಟಬೇಡಿ, ಕದಡಬೇಡಿ. ಪುಡಿಯೆಲ್ಲಾ ಮೇಲೆ ಬಂದು ಕೆನೆ ಕಟ್ಟಿದ ಹಾಗೆ ನಿಲ್ಲುತ್ತದೆ. 4 ನಿಮಿಷ ಆದ ಮೇಲೆ ಚಮಚದಿಂದ ಆ ಕೆನೆಯನ್ನು ಮೆಲ್ಲಗೆ ಒಡೆಯಿರಿ, ಮೂಗು ಹತ್ತಿರ ಇಟ್ಟುಕೊಂಡೇ ಒಡೆಯಿರಿ, ಯಾಕೆಂದರೆ ಆ ಒಂದು ಕ್ಷಣದಲ್ಲಿ ಬರುವ ಘಮ ಮತ್ತೆ ಸಿಗುವುದಿಲ್ಲ. ಮೇಲೆ ಉಳಿದ ನೊರೆ ತೆಗೆಯಿರಿ. ಇನ್ನೊಂದು 5 ನಿಮಿಷ ಬಿಟ್ಟು, ಚರಟ ತಳಕ್ಕೆ ಕೂತ ಮೇಲೆ, ಚಮಚದಲ್ಲಿ ತೆಗೆದು ಸೊರ್ರೆಂದು ಹೀರಿ.

ಕಾಫಿ ತೋಟದವರೂ ಕೊಳ್ಳುವವರೂ ಬೀಜದ ಗುಣ ನೋಡುವುದು ಹೆಚ್ಚುಕಡಿಮೆ ಹೀಗೇ. ಇದರಲ್ಲಿ ಕೈಚಳಕಕ್ಕೆ ಜಾಗವೇ ಇಲ್ಲ. ಲೋಟದಲ್ಲಿ ರುಚಿ ಚೆನ್ನಾಗಿದ್ದು ಫಿಲ್ಟರಿನಲ್ಲಿ ಕೆಟ್ಟಿದ್ದರೆ ತಪ್ಪು ಮಾಡುವ ರೀತಿಯಲ್ಲಿದೆ. ಲೋಟದಲ್ಲೂ ಕೆಟ್ಟಿದ್ದರೆ ಬೀಜ ಅಥವಾ ನೀರು. ಒಂದು ಬಾಟಲಿ ಬೇರೆ ನೀರು ತಂದು ಅದರಲ್ಲೂ ಇದೇ ಪರೀಕ್ಷೆ ಮಾಡಿದರೆ ಆ ಎರಡರಲ್ಲಿ ಯಾವುದು ಅಂತಲೂ ಗೊತ್ತಾಗುತ್ತದೆ.

ಅಳತೆ ಇಲ್ಲದೆ ಹುಡುಕಾಟ ಇಲ್ಲ

ತೂಕದ ಸಣ್ಣ ಸ್ಕೇಲ್ ಒಂದು ಬೇಕು. ಚಮಚದ ಲೆಕ್ಕ ಬೇಡ. ಲೈಟ್ ರೋಸ್ಟ್, ಅಂದರೆ ಹಗುರವಾಗಿ ಹುರಿದ ಬೀಜ ಗಟ್ಟಿ, ಡಾರ್ಕ್ ರೋಸ್ಟ್, ಅಂದರೆ ಕಪ್ಪಗೆ ಹುರಿದ ಬೀಜ ಉಬ್ಬಿ ಹಗುರ ಆಗಿರುತ್ತದೆ. ಹಾಗಾಗಿ ಒಂದೇ ಚಮಚದಲ್ಲಿ ಬೇರೆ ಬೇರೆ ತೂಕ ಬರುತ್ತದೆ.

ಪೋರ್ ಓವರ್‌ಗೆ, ಅಂದರೆ ಪೇಪರ್ ಫಿಲ್ಟರಿನಲ್ಲಿ ಪುಡಿ ಹಾಕಿ ಮೇಲಿಂದ ಕೈಯಾರೆ ಬಿಸಿನೀರು ಸುರಿದು ಇಳಿಸುವ ಕಾಫಿಗೆ, ನಾನು ಇಟ್ಟುಕೊಂಡಿರುವುದು ಪುಡಿ 15 ಗ್ರಾಂ, ನೀರು 240 ಎಂಎಲ್. ಮೊದಲು 40 ಎಂಎಲ್ ಸುರಿದು 40 ಸೆಕೆಂಡ್ ಬಿಡುವುದು, ಉಳಿದದ್ದು ಎರಡು ಮೂರು ಸಲಕ್ಕೆ, ಒಟ್ಟು 3 ನಿಮಿಷದ ಆಸುಪಾಸು ಇಳಿದು ಮುಗಿಯಬೇಕು. ಸ್ಟೀಲ್ ಫಿಲ್ಟರಿಗೆ ಪುಡಿ 20 ಗ್ರಾಂ, ನೀರು 120 ಎಂಎಲ್. ಕೆಳಗೆ ಬರುವ ಡಿಕಾಕ್ಷನ್ ಸುಮಾರು 80 ಎಂಎಲ್, ಯಾಕೆಂದರೆ ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿದು ಇಟ್ಟುಕೊಳ್ಳುತ್ತದೆ. ಇದು ನಿಮ್ಮ ಮೂಲ ಅಳತೆ. ಮುಂದೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪುಡಿಯನ್ನೂ ನುಣ್ಣಗೆ ಮಾಡಿ, ನೀರನ್ನೂ ಬಿಸಿ ಮಾಡಿ, ತೂಕವನ್ನೂ ಜಾಸ್ತಿ ಮಾಡಿದರೆ ಕಾಫಿ ಸರಿಹೋದರೂ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗುವುದಿಲ್ಲ, ಮುಂದಿನ ಪ್ಯಾಕೆಟ್‌ಗೆ ಮತ್ತೆ ಮೊದಲಿಂದ ಶುರು.

ಹುಳಿ

ನನಗೆ ಅತಿ ಹೆಚ್ಚು ಕೇಳಿಬರುವ ದೂರು ಇದು. ಮೊದಲು ಯಾವ ಹುಳಿ ಅಂತ ನೋಡಿ. ಕಿತ್ತಳೆ ತೊಳೆ ತಿಂದಾಗ ಹುಳಿಯ ಜೊತೆ ಸಿಹಿಯೂ ಬರುತ್ತದಲ್ವಾ, ಹಾಗಿದ್ದರೆ ಅದು ಬೀಜದ ಗುಣ, ಅದಕ್ಕೇ ನೀವು ದುಡ್ಡು ಕೊಟ್ಟಿರುವುದು. ಹುಳಿಯ ಜೊತೆ ಸ್ವಲ್ಪ ಉಪ್ಪುಪ್ಪು, ತೆಳು, ನುಂಗಿದ ತಕ್ಷಣ ಬಾಯಲ್ಲಿ ಏನೂ ಉಳಿಯದೇ ಹೋದರೆ ಅದು ದೋಷ. ಬೀಜದೊಳಗಿನ ರುಚಿ ಪೂರ್ತಿ ನೀರಿಗೆ ಇಳಿದಿಲ್ಲ.

ಗಿರಿ ಕಾಫಿಯಲ್ಲಿ ಇದು ಯಾಕೆ ಜಾಸ್ತಿ ಅನ್ನುವುದಕ್ಕೆ ಕಾರಣ ಇದೆ. ಇಲ್ಲಿನ ಅರೇಬಿಕಾ ತೋಟಗಳು ಸುಮಾರು 1,000ದಿಂದ 1,500 ಮೀಟರ್ ಎತ್ತರದಲ್ಲಿ, ಮರಗಳ ನೆರಳಿನಲ್ಲಿ ಇವೆ. ತಂಪಿಗೆ ಹಣ್ಣು ನಿಧಾನ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಅಂಥ ಬೀಜವನ್ನು ಲೈಟ್ ಆಗಿ ಹುರಿದರೆ ಗಟ್ಟಿತನ ಹಾಗೇ ಉಳಿಯುತ್ತದೆ. ಡಾರ್ಕ್ ರೋಸ್ಟ್ ಪುಡಿಗೆ ಸಾಕಾಗುತ್ತಿದ್ದ ಬಿಸಿ, ಸಾಕಾಗುತ್ತಿದ್ದ ಸಮಯ ಇದಕ್ಕೆ ಸಾಲುವುದಿಲ್ಲ.

ಇದನ್ನು ಕಣ್ಣಾರೆ, ಅಂದರೆ ನಾಲಿಗೆಯಾರೆ, ನೋಡಬೇಕೆಂದರೆ ಮೂರು ಸಣ್ಣ ಲೋಟ ಇಟ್ಟುಕೊಳ್ಳಿ. ಪೋರ್ ಓವರ್ ಇಳಿಯುವಾಗ ಮೊದಲ ಭಾಗ ಒಂದಕ್ಕೆ, ನಡುವಿನದು ಇನ್ನೊಂದಕ್ಕೆ, ಕೊನೆಯದು ಮತ್ತೊಂದಕ್ಕೆ ಹಿಡಿಯಿರಿ. ಮೊದಲನೆಯದು ಕಪ್ಪಗೆ, ಗಾಢವಾಗಿ, ಮುಖ ಕಿವುಚುವಷ್ಟು ಹುಳಿ. ನಡುವಿನದರಲ್ಲಿ ಸಿಹಿ ಬಂದಿರುತ್ತದೆ. ಕೊನೆಯದು ಚಹಾದ ಬಣ್ಣ, ತೆಳು ಕಹಿ. ಮೂರನ್ನೂ ಒಂದು ಲೋಟಕ್ಕೆ ಸುರಿದು ಕುಡಿಯಿರಿ, ಆಗ ಗೊತ್ತಾಗುತ್ತದೆ, ಕೊನೆಯ ಆ ತೆಳು ನೀರಿಲ್ಲದೆ ಮೊದಲಿನ ಹುಳಿ ಹದಕ್ಕೆ ಬರುವುದೇ ಇಲ್ಲ. ನಿಮ್ಮ ಕಾಫಿ ಮೊದಲ ಲೋಟದ ಹಾಗಿದ್ದರೆ ನೀವು ಅರ್ಧಕ್ಕೇ ನಿಲ್ಲಿಸಿದ್ದೀರಿ ಅಂತ ಅರ್ಥ.

ಸರಿಮಾಡುವುದು ಹೀಗೆ. ಮೊದಲು ಪುಡಿ ಒಂದು ಹಂತ ನುಣ್ಣಗೆ. ಪೋರ್ ಓವರ್‌ಗೆ ಉಪ್ಪಿಟ್ಟಿನ ರವೆಗಿಂತ ಸ್ವಲ್ಪ ಸಣ್ಣ, ಸ್ಟೀಲ್ ಫಿಲ್ಟರಿಗೆ ಚಿರೋಟಿ ರವೆಯಷ್ಟು, ಇದು ನನ್ನ ಕೈ ಲೆಕ್ಕ. ಬೆರಳ ನಡುವೆ ಉಜ್ಜಿ ನೋಡಿ. ಆಮೇಲೆ ನೀರಿನ ಬಿಸಿ. ಕುದಿ ಬಂದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಸುರಿಯಿರಿ ಅನ್ನುವ ಸಲಹೆ ಎಲ್ಲಾ ಕಡೆ ಸಿಗುತ್ತದೆ. ಆದರೆ ಎತ್ತರ ಏರಿದ ಹಾಗೆ ನೀರು ಬೇಗ ಕುದಿಯುತ್ತದೆ, 300 ಮೀಟರಿಗೆ ಸುಮಾರು 1 ಡಿಗ್ರಿ ಕಡಿಮೆ. ಬೆಂಗಳೂರಿನಲ್ಲಿ ಕುದಿಯುವ ನೀರೇ ಸುಮಾರು 97 ಡಿಗ್ರಿ, ಚಿಕ್ಕಮಗಳೂರಿನಲ್ಲಿ 96ರ ಆಸುಪಾಸು. ಅದನ್ನು ಮತ್ತೆ ಆರಿಸಿ, ತಣ್ಣನೆಯ ಸ್ಟೀಲಿಗೆ ಸುರಿದರೆ ಪುಡಿಗೆ ತಲುಪುವಾಗ 90ಕ್ಕಿಂತ ಕೆಳಗೆ ಬಂದಿರುತ್ತದೆ. ಲೈಟ್ ರೋಸ್ಟ್ ಆದರೆ ಕಾಯಬೇಡಿ, ಕುದಿಯುತ್ತಿರುವುದನ್ನೇ ಸುರಿಯಿರಿ. ಫಿಲ್ಟರನ್ನೂ ಬಿಸಿನೀರು ಹಾಕಿ ಬೆಚ್ಚಗೆ ಮಾಡಿಕೊಂಡಿರಿ.

ಇಷ್ಟು ಮಾಡಿಯೂ ಹುಳಿ ಹೋಗದಿದ್ದರೆ ಚರಟವನ್ನು ಚಮಚದಿಂದ ಕೆದಕಿ ನೋಡಿ. ಒಳಗೆ ಒಣ ಗಂಟು ಇದ್ದರೆ ಅಷ್ಟು ಪುಡಿಗೆ ನೀರೇ ಮುಟ್ಟಿಲ್ಲ. ಮೊದಲ ನೀರು ಹಾಕಿದಾಗಲೇ ಒಂದು ಸಲ ಮೆಲ್ಲಗೆ ತಿರುಗಿಸಿ.

ಕಹಿ ಬೇರೆ, ಒಗರು ಬೇರೆ

ಹಾಗಲಕಾಯಿ ಕಹಿ. ಹಸಿ ಬಾಳೆಕಾಯಿ ಒಗರು. ಕಾಫಿಯಲ್ಲಿ ಎರಡನ್ನೂ ನಾವು ಕಹಿ ಅಂತಲೇ ಕರೆದುಬಿಡುತ್ತೇವೆ. ಆದರೆ ಮದ್ದು ಬೇರೆ.

ನಾಲಿಗೆಯ ಹಿಂದೆ ಕೂತು ಹೋಗದ ಕಹಿ ಆದರೆ ಬೀಜದೊಳಗಿನದು ನೀರಿಗೆ ಜಾಸ್ತಿ ಇಳಿದಿದೆ. ಪುಡಿ ಒಂದು ಹಂತ ದಪ್ಪ ಮಾಡಿ. ರೋಸ್ಟ್ ಡಾರ್ಕ್ ಆಗಿದ್ದರೆ ನೀರನ್ನು 88-90 ಡಿಗ್ರಿಗೆ ಇಳಿಸಿ, ಇಲ್ಲಿ ಕಾಯುವುದು ಸರಿ. ಡಿಕಾಕ್ಷನ್ ಮತ್ತೆ ಕುದಿಸುವ ಅಭ್ಯಾಸ ಇದ್ದರೆ ಬಿಡಿ. ತಣ್ಣಗಾದರೆ ಲೋಟವನ್ನೇ ಬಿಸಿನೀರಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ.

ನಾಲಿಗೆ ಒಣಗಿ ಕೆನ್ನೆಯ ಒಳಗಡೆ ಎಳೆದ ಹಾಗಾದರೆ ಅದು ಒಗರು. ಪುಡಿಯ ಪದರದಲ್ಲಿ ನೀರು ತನಗೆ ಸುಲಭವಾದ ದಾರಿ ಮಾಡಿಕೊಂಡು ಅಲ್ಲಿಂದಲೇ ಇಳಿಯುತ್ತಿದೆ, ಆ ದಾರಿಯ ಪಕ್ಕದ ಪುಡಿ ಜಾಸ್ತಿ ಬೆಂದು ಉಳಿದದ್ದು ಹಸಿಯಾಗಿದೆ. ಎತ್ತರದಿಂದ ಜೋರಾಗಿ ಸುರಿಯುವುದು, ಒಂದೇ ಕಡೆ ಸುರಿಯುವುದು, ಪೇಪರಿನ ಅಂಚಿಗೆ ಸುರಿಯುವುದು ಇದಕ್ಕೆ ಕಾರಣ. ಕೆಟಲ್ ತಗ್ಗಿಸಿ ಹಿಡಿದು ನಿಧಾನ ಸುರಿಯಿರಿ.

ಹುಳಿಯೂ ಕಹಿಯೂ ಒಟ್ಟಿಗೇ ಬಂದರೆ? ನೇರವಾಗಿ ಗ್ರೈಂಡರ್ ನೋಡಿ. ಮಿಕ್ಸಿ ಜಾರಿನಲ್ಲಿ ಬೀಸಿದರೆ ಒಂದಷ್ಟು ಹಿಟ್ಟು, ಒಂದಷ್ಟು ನುಚ್ಚು ಬರುತ್ತದೆ. ಹಿಟ್ಟು ಕಹಿ ಕೊಡುತ್ತದೆ, ನುಚ್ಚು ಹುಳಿ ಕೊಡುತ್ತದೆ. ಹೊಸ ಗ್ರೈಂಡರ್ ಕೊಳ್ಳುವ ಮೊದಲು ಮೈದಾ ಜರಡಿ ತೆಗೆದುಕೊಂಡು ಪುಡಿಯನ್ನು ಸಾಣಿಸಿ, ಕೆಳಗೆ ಬಿದ್ದ ಹಿಟ್ಟು ಬೇರೆ ಇಟ್ಟು ಉಳಿದದ್ದರಲ್ಲಿ ಕಾಫಿ ಮಾಡಿ ನೋಡಿ. ಕಹಿ ತಟ್ಟನೆ ಇಳಿದರೆ ಗ್ರೈಂಡರಿಗೆ ದುಡ್ಡು ಹಾಕುವುದು ಸಾರ್ಥಕ. ಇಳಿಯದಿದ್ದರೆ ದುಡ್ಡು ಉಳಿಯಿತು.

ಸ್ಟೀಲ್ ಫಿಲ್ಟರ್ ಇಳಿಯುತ್ತಿಲ್ಲ

ಮೇಲಿನ ಡಬ್ಬಿಯನ್ನು ಒಂದು ಚೂರು ಎತ್ತಿ ಮತ್ತೆ ಇಡಿ. ಟಪ ಟಪ ಅಂತ ಹನಿ ಶುರುವಾದರೆ ಕೆಳಗಿನ ಪಾತ್ರೆಯೊಳಗೆ ಗಾಳಿ ಸಿಕ್ಕಿಕೊಂಡಿತ್ತು ಅಷ್ಟೆ. ಎರಡೂ ಬಿಗಿಯಾಗಿ ಕೂತರೆ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಡಿಕಾಕ್ಷನ್ ಇಳಿಯುವುದಿಲ್ಲ.

ಶುರುವಾಗದಿದ್ದರೆ ಪುಡಿ ಹಿಟ್ಟಾಗಿದೆ, ಇಲ್ಲ ಬಿಲ್ಲೆಯಿಂದ ಬಲವಾಗಿ ಒತ್ತಿದ್ದೀರಿ. ಚಿಕೋರಿ ಹಾಕಿದ ಪುಡಿ ನೀರಲ್ಲಿ ಊದಿಕೊಳ್ಳುತ್ತದೆ, ಅದಕ್ಕೆ ಒತ್ತದಿದ್ದರೂ ನಿಧಾನ. ಬರೀ ಅರೇಬಿಕಾ ಆದರೆ ಉಲ್ಟಾ, ಬೇಗ ಇಳಿದು ಹೋಗುತ್ತದೆ, ಅದಕ್ಕೆ ಹಗುರವಾಗಿ ಒತ್ತಲೇಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಮನೆಯ ಮಾಮೂಲಿ ಪುಡಿಯ ಅಭ್ಯಾಸದಲ್ಲೇ ಮಾಡಿದರೆ ಗಿರಿ ಕಾಫಿ ನೀರು ನೀರಾಗುತ್ತದೆ.

ಖಾಲಿ ಡಬ್ಬಿಯನ್ನು ಬೆಳಕಿಗೆ ಹಿಡಿದು ತೂತು ಎಣಿಸಿ. ಒಂದು ಮೂಲೆಯಲ್ಲಿ ಬೆಳಕೇ ಕಾಣದಿದ್ದರೆ ಅಲ್ಲಿ ಹಳೆ ಪುಡಿಯೂ ಎಣ್ಣೆಯೂ ಕಟ್ಟಿದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್‌ನಿಂದ ಹೊರಗಿನಿಂದ ಒಳಕ್ಕೆ ಉಜ್ಜಿ.

ಪುಡಿ ಉಬ್ಬುತ್ತಿದೆಯೇ?

ಮೊದಲ 40 ಎಂಎಲ್ ಹಾಕಿದಾಗ ಪುಡಿಯನ್ನೇ ನೋಡುತ್ತಾ ನಿಲ್ಲಿ. ಹುರಿದು ಒಂದೆರಡು ವಾರ ಆದ ಬೀಜ ದೋಸೆ ಹಿಟ್ಟಿನ ಹಾಗೆ ಮೆಲ್ಲಗೆ ಉಬ್ಬಿ, ಸಣ್ಣ ಗುಳ್ಳೆ ಬಿಟ್ಟು, ಕೂರುತ್ತದೆ. ಹುರಿದು ಎರಡು ಮೂರು ದಿನವಷ್ಟೇ ಆಗಿದ್ದರೆ ದೊಡ್ಡ ದೊಡ್ಡ ಗುಳ್ಳೆ ಒಡೆಯುತ್ತವೆ, ಒಳಗಿನ ಗಾಳಿ ನೀರನ್ನು ತಳ್ಳುತ್ತದೆ, ಕಾಫಿ ಹುಳಿಯೂ ಟೊಳ್ಳೂ ಆಗುತ್ತದೆ. ಪ್ಯಾಕೆಟ್ ಮುಚ್ಚಿ ಒಂದು ವಾರ ಬಿಡಿ. ಏನೂ ಉಬ್ಬದೆ ಒದ್ದೆ ಮಣ್ಣಿನ ಹಾಗೆ ಕೂತರೆ ಹಳೆಯದಾಗಿದೆ, ಅದಕ್ಕೆ ಮದ್ದಿಲ್ಲ. ಪುಡಿ ಮಾಡಿಸಿ ತಂದು ತಿಂಗಳುಗಟ್ಟಲೆ ಇಡುವುದಂತೂ ಬೇಡವೇ ಬೇಡ. ಫ್ರಿಜ್ಜಿನಲ್ಲೂ ಬೇಡ, ತೆಗೆದು ಇಡುವಾಗೆಲ್ಲಾ ತೇವ ಕೂರುತ್ತದೆ.

ಸಪ್ಪೆ, ಮತ್ತು ಎರಡು ಬಾಟಲಿ ನೀರು

ಇದನ್ನು ಹುಡುಕಲು ನನಗೆ ತುಂಬಾ ದಿನ ಹಿಡಿಯಿತು, ಅದಕ್ಕೆ ಬಿಡಿಸಿ ಹೇಳುತ್ತೇನೆ.

ಬಾಬಾಬುಡನ್‌ಗಿರಿಯ ಅತ್ತಿಗುಂಡಿ ಹತ್ತಿರದ ಗೆಳೆಯರೊಬ್ಬರ ತೋಟದ ಮನೆಯಲ್ಲಿ ಎಸ್ 795 ತಳಿಯ ಕಾಫಿ ಕುಡಿದಿದ್ದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ಬೆಳೆಸಿದ ತಳಿ ಅದು, 1940ರ ದಶಕದಿಂದ ನಮ್ಮ ತೋಟಗಳಲ್ಲಿದೆ, ಹುಳಿ ಮೃದು, ಆರಿದ ಮೇಲೆ ಬೆಲ್ಲದ ಹಾಗೆ ಸಿಹಿ. ಅದೇ ಪ್ಯಾಕೆಟ್, ಅದೇ ಕೈ ಗ್ರೈಂಡರ್ ಬೆಂಗಳೂರಿಗೆ ತಂದೆ. ಮಾರನೆ ದಿನ ಮಾಡಿದರೆ ಕಾಫಿ ಕಾಗದ ನೆನೆಸಿದ ನೀರಿನ ಹಾಗೆ. ಪುಡಿ ನುಣ್ಣಗೆ ಮಾಡಿದೆ, ಕಹಿ ಬಂತು, ರುಚಿ ಬರಲಿಲ್ಲ. ತೂಕ ಜಾಸ್ತಿ ಮಾಡಿದೆ, ಗಟ್ಟಿ ಆಯ್ತು, ರುಚಿ ಬರಲಿಲ್ಲ. ಪ್ಯಾಕೆಟ್ ಮುಗಿಯಿತು.

ಮುಂದಿನ ಸಲ ಹೋದಾಗ ಬೀಜದ ಜೊತೆ ಅವರ ಮನೆಗೆ ಬರುವ ಝರಿ ನೀರನ್ನೂ ಎರಡು ಬಾಟಲಿ ತುಂಬಿಕೊಂಡು ಬಂದೆ. ಒಂದೇ ತರಹದ ಎರಡು ಲೋಟ, ಎರಡಕ್ಕೂ 10 ಗ್ರಾಂ. ಒಂದಕ್ಕೆ ಝರಿ ನೀರು, ಒಂದಕ್ಕೆ ನಮ್ಮ ಬೋರ್‌ವೆಲ್ ನೀರು. 4 ನಿಮಿಷಕ್ಕೆ ಕೆನೆ ಒಡೆದಾಗಲೇ ಗೊತ್ತಾಗಿಹೋಯ್ತು. ಒಂದು ಲೋಟದಿಂದ ಅತ್ತಿಗುಂಡಿಯ ಆ ಬೆಳಗಿನ ಘಮ, ಇನ್ನೊಂದರಿಂದ ಬರೀ ಬಿಸಿ ಹಬೆ. ಬೋರ್‌ವೆಲ್ ಲೋಟದ ಮೇಲೆ ತೆಳು ಪೊರೆಯೂ ಕಟ್ಟಿತ್ತು. ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ ಝರಿ ನೀರು 50 ಕೂಡ ಮುಟ್ಟಲಿಲ್ಲ, ಬೋರ್‌ವೆಲ್ 600 ದಾಟಿತು.

ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ಸಾಯಿಸುತ್ತದೆ. ಹುಳಿ ಸತ್ತರೆ ಹಣ್ಣಿನ ರುಚಿ ಇಲ್ಲ, ಗಿರಿ ಕಾಫಿಯಲ್ಲಿ ಉಳಿಯುವುದೇನು? ಹಾಗಂತ ಬರೀ ಆರ್‌ಓ ನೀರು ಹಾಕಿದರೆ ಉಲ್ಟಾ ತೊಂದರೆ. ಹುಳಿ ಚೂಪಾಗಿ ನಿಲ್ಲುತ್ತದೆ, ಬಾಯಿ ತುಂಬುವ ಮಂದ ಇರುವುದಿಲ್ಲ. ಸ್ಪೆಷಾಲಿಟಿ ಕಾಫಿಯವರು ಇಟ್ಟುಕೊಂಡಿರುವ ಗುರಿ ಲೀಟರಿಗೆ ಸುಮಾರು 150 ಮಿಲಿಗ್ರಾಂ ಟಿಡಿಎಸ್. ನನ್ನ ಮನೆಯಲ್ಲಿ ಮೂರು ಪಾಲು ಆರ್‌ಓ ನೀರಿಗೆ ಒಂದು ಪಾಲು ಬೋರ್‌ವೆಲ್ ನೀರು ಸೇರಿಸಿದರೆ ಅಲ್ಲಿಗೆ ಬರುತ್ತದೆ. ನಿಮ್ಮ ನೀರು ಬೇರೆ, ಪಾಲೂ ಬೇರೆ ಆಗುತ್ತದೆ. ಮೀಟರ್ ಇಲ್ಲದಿದ್ದರೆ ಕೆಟಲಿನ ತಳ ನೋಡಿ, ಬಿಳಿ ಪೊರೆ ಬೇಗ ಕಟ್ಟುತ್ತಿದ್ದರೆ ನೀರು ಗಡಸು. ನೀರನ್ನು ಹಿಂದಿನ ರಾತ್ರಿ ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಕದಡದ ಹಾಗೆ ಮೇಲಿನದನ್ನು ಬಗ್ಗಿಸಿಕೊಂಡರೂ ಒಂದಷ್ಟು ಗಡಸುತನ ಕಳೆಯುತ್ತದೆ.

ಬೀಜವೇ ಸರಿಯಿಲ್ಲದಿದ್ದರೆ

ಒಳ್ಳೆ ನೀರಿನಲ್ಲೂ ಗ್ಲಾಸ್ ಪರೀಕ್ಷೆ ಕೆಟ್ಟಿದ್ದರೆ ಒಂದು ಹಿಡಿ ಬೀಜ ಬಿಳಿ ತಟ್ಟೆಗೆ ಹರಡಿ. ಉಳಿದವೆಲ್ಲಾ ಕಂದು ಇದ್ದು ನಡುವೆ ಅಲ್ಲೊಂದು ಇಲ್ಲೊಂದು ಹಸಿ ಕಡಲೆಬೀಜದ ಬಣ್ಣದವು ಕಂಡರೆ ಅವು ಮಾಗದ ಕಾಯಿಯ ಬೀಜ. ಒಂದನ್ನು ಕಚ್ಚಿ ನೋಡಿ, ಕಾಗದ ಜಗಿದ ಹಾಗಿರುತ್ತದೆ. ಅವನ್ನು ಆರಿಸಿ ತೆಗೆದು ಮತ್ತೆ ಮಾಡಿ. ಸೂಜಿ ಚುಚ್ಚಿದಂಥ ತೂತು ಇದ್ದರೆ ಕಾಯಿ ಕೊರಕದ ಕೆಲಸ. ಹಳೆ ಗೋಣಿಚೀಲದ ವಾಸನೆ ಬಂದರೆ ಕಣದಲ್ಲಿ ಸರಿಯಾಗಿ ಒಣಗಿಲ್ಲ, ಇಲ್ಲ ತೇವದಲ್ಲಿ ಇಟ್ಟಿದ್ದಾರೆ. ಕೊಯ್ಲಿನ ಹೊತ್ತಲ್ಲಿ ಅಕಾಲ ಮಳೆ ಬಂದ ವರ್ಷ ಬೆಳೆಗಾರರು ಪಡುವ ಪಾಡು ಇದೇ, ಕಣದಲ್ಲಿ ಹರಡಿದ್ದನ್ನು ಬಾಚಿ ಮುಚ್ಚಿ ಮತ್ತೆ ಹರಡಿ ಕಾಪಾಡಬೇಕು. ಹಣ್ಣಿನ ಸಮೇತ ಒಣಗಿಸಿದ ನ್ಯಾಚುರಲ್ ಕಾಫಿಯಲ್ಲಿ ಹಲಸಿನ ಹಣ್ಣಿನ ಘಮ ಬಂದರೆ ಅದು ದೋಷ ಅಲ್ಲ. ವಿನೆಗರ್ ಹಾಗೆ ಮೂಗಿಗೆ ಹೊಡೆದರೆ ಹುಳಿತದ್ದು ಜಾಸ್ತಿಯಾಗಿದೆ. ಹುರಿದವರಿಗೆ ತಿಳಿಸಿ, ಒಳ್ಳೆಯವರು ಬದಲಾಯಿಸಿ ಕೊಡುತ್ತಾರೆ.

ಹಾಲು ಹಾಕಿದರೆ ಒಡೆಯುತ್ತದೆ

ಲೈಟ್ ರೋಸ್ಟ್ ಡಿಕಾಕ್ಷನ್‌ನಲ್ಲಿ ಹುಳಿ ಜಾಸ್ತಿ. ಹಾಲು ಸ್ವಲ್ಪ ಹಳೆಯದಾಗಿದ್ದರೂ ಬಿಸಿಗೆ ಒಡೆದು ಸಣ್ಣ ಸಣ್ಣ ಚೂರು ತೇಲುತ್ತದೆ. ಅದೇ ದಿನದ ಹಾಲು ಕಾಯಿಸಿ, ಕುದಿ ಇಳಿದ ಮೇಲೆ ಅದಕ್ಕೆ ಡಿಕಾಕ್ಷನ್ ಸ್ವಲ್ಪ ಸ್ವಲ್ಪವೇ ಸೇರಿಸಿ. ಇನ್ನು ಒಡೆಯದೇ ಇದ್ದರೂ "ಮಂದ ಇಲ್ಲ, ಸ್ಟ್ರಾಂಗ್ ಇಲ್ಲ" ಅನ್ನಿಸುವುದು ಬೇರೆ ವಿಷಯ. ನಮ್ಮ ಮನೆಗಳ ಪುಡಿಯಲ್ಲಿ ಚಿಕೋರಿ ಇರುತ್ತದೆ, ಕಾನೂನು 49% ವರೆಗೂ ಬಿಡುತ್ತದೆ, ಜೊತೆಗೆ ಎಷ್ಟೋ ಸಲ ರೊಬಸ್ಟಾ ಅನ್ನುವ ಇನ್ನೊಂದು ಜಾತಿಯ ಕಾಫಿ ಕೂಡ. ಆ ಮಂದಕ್ಕೆ ಒಗ್ಗಿದ ನಾಲಿಗೆಗೆ ಬರೀ ಅರೇಬಿಕಾ ತೆಳು ಅನ್ನಿಸುವುದು ಸಹಜ. ಇದಕ್ಕೆ ಪುಡಿ ಜಾಸ್ತಿ ಸುರಿದು ಪ್ರಯೋಜನವಿಲ್ಲ. ಹಾಲಿಗೆ ಬೇಕಿದ್ದರೆ ಕೊಳ್ಳುವಾಗಲೇ ಹೇಳಿ, ಅದೇ ತೋಟದ ಬೀಜ ಮೀಡಿಯಂ ಡಾರ್ಕ್ ರೋಸ್ಟ್‌ನಲ್ಲಿ ಸಿಕ್ಕರೆ ಅದನ್ನು ತನ್ನಿ, 20 ಗ್ರಾಂಗೆ 100 ಎಂಎಲ್ ನೀರಷ್ಟೇ ಹಾಕಿ ಡಿಕಾಕ್ಷನ್ ಇಳಿಸಿ. ಲೈಟ್ ರೋಸ್ಟ್ ಪ್ಯಾಕೆಟನ್ನು ಹಾಲಿಲ್ಲದೆ ಕುಡಿಯುವ ಹೊತ್ತಿಗೆ ಇಟ್ಟುಕೊಳ್ಳಿ.